ಪಿಸ್ತೂಲಿಗೆ ಕಟ್ಟಿದ ಹೂವು

"ಎಳೀರಿ ಮೇಡಂ, ಹೆದ್ರ್‌ಬ್ಯಾಡಿ. ಒಳ್ಗೆ ಗುಂಡಿಲ್ಲೆ. ಕಣ್ಣ್ ಹಾಕಿಯೂ ಕಂಡೆ, ಬೆರಳ್ ಹಾಕಿಯೂ ಕಂಡೆ."

ಗೋಡೌನಿನ ಮೇಜಿನ ಮೇಲಿದ್ದ ತರಬೇತಿಯ ಪಿಸ್ತೂಲಿಗೆ ಸುತ್ತಿದ ಹಾರದ ತುದಿಯನ್ನು ವಕೀಲೆ ಸ್ನೇಹಲತಾ ಹಿಡಿದು ಎಳೆದಳು. ಬಾಳೆನಾರು ಪಟ್ಟನೆ ಹರಿಯಿತು. ಗೊಂಡೆ ಹೂಗಳು ಮೇಜಿನ ಮೇಲೆಲ್ಲ ಚೆಲ್ಲಿದವು. ಪಿಸ್ತೂಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಇನ್ನೊಂದ್ ಸಲ ಕಟ್ಟಿ, ದುಗ್ಗಪ್ಪಣ್ಣ."

ಇನ್ನೊಂದು ಹಾರ, ಮತ್ತೆ ಬಾಳೆನಾರು. ಅದೂ ಹರಿಯಿತು.

ದುಗ್ಗಪ್ಪ ಈಗ ಕಿಸೆಯಿಂದ ಹಸಿರು ನೈಲಾನ್ ದಾರ ತೆಗೆದ. ಬಲೆ ಹೆಣೆಯುವ ದಾರ. ಅದನ್ನು ಟ್ರಿಗರಿಗೆ ಒಂದು ಸುತ್ತು ಹಾಕಿ, ಹಿಡಿಕೆಯ ಹಿಂದಿನಿಂದ ಬಳಸಿ, ಮತ್ತೆ ಮುಂದಕ್ಕೆ ತಂದು, ನಳಿಗೆಯ ಬಾಯಿಯ ಕಡೆ ತುದಿ ಬಿಟ್ಟ. ಮೇಲೆ ನಾಲ್ಕು ಗೊಂಡೆ ಹೂ ಸಿಕ್ಕಿಸಿದ.

"ಈಗ ಎಳೀರಿ. ಪಕ್ಕದಂಗೆ ನಿತ್ಕಣಿ. ಖಾಲಿ ಇದ್ರೂ ಬಾಯಿ ಎದ್ರಿಗೆ ನಿಲ್ಲುಕಾಗ."

ಎಳೆದಳು. ಟಕ್ ಎಂದಿತು.

ಖಾಲಿ ಪಿಸ್ತೂಲಿನ ಆ ಸಣ್ಣ ಸದ್ದಿಗೆ ಸ್ನೇಹಲತಾಳ ಮೈ ಜುಮ್ಮೆಂದಿತು. ಅವಳ ಕಕ್ಷಿದಾರಳನ್ನು ಜೈಲಿನಿಂದ ತಪ್ಪಿಸಬಲ್ಲ ಸದ್ದು ಅದೊಂದೇ ಆಗಿತ್ತು.

ಆಯುಧ ಪೂಜೆಯ ದಿನ ಉಪ್ಪುಂದದ ಐಸ್ ಪ್ಲಾಂಟಿನಲ್ಲಿ ಯಜಮಾನ ರವಿರಾಜ್ ತನ್ನದೇ ಪಿಸ್ತೂಲಿನ ಗುಂಡು ತಗುಲಿ ಸತ್ತಿದ್ದ. ಆರತಿ ಮುಗಿದ ಮೇಲೆ ಅವನ ತಾಯಿ ಪದ್ದು ಪಿಸ್ತೂಲನ್ನು ಎರಡೂ ಅಂಗೈಯಲ್ಲಿ ಎತ್ತಿ ಮಗನ ಕಣ್ಣಿಗೆ ಒತ್ತಲು ಹೋಗಿದ್ದಳು. ಅದೇ ಗಳಿಗೆಯಲ್ಲಿ ಹೆಂಡತಿ ಸುಗಂಧಿ ಅದರ ಮೇಲಿನ ಹಾರ ಎಳೆದಿದ್ದಳು. ಇಡೀ ಪ್ಲಾಂಟಿನ ಜನ ನೋಡುತ್ತಿದ್ದರು. ಗುಂಡು ಹಾರುವ ಮೊದಲು ರವಿರಾಜ್ "ಬ್ಯಾಡ, ಬ್ಯಾಡ" ಎಂದು ಕೂಗಿದ್ದನ್ನೂ ಎಲ್ಲರೂ ಕೇಳಿದ್ದರು.

ಎಸ್‌ಐ ಅಕ್ಷಯ್‌ನ ಲೆಕ್ಕ ಸರಳವಾಗಿತ್ತು. ತಾಯಿಯ ಬೆರಳು ಟ್ರಿಗರಿನ ಹತ್ತಿರ ಇರಲಿಲ್ಲ. ಅಲ್ಲಿಗೆ ಹೋದ ಕೈ ಸುಗಂಧಿಯದು. ಹೂ ತೆಗೆಯುವ ನೆಪದಲ್ಲಿ ಬೆರಳು ಹಾಕಿದಳು, ಗಂಡ ಬೇಡ ಎಂದರೂ ಬಿಡಲಿಲ್ಲ. ಕಾರಣವೂ ಇತ್ತು. ಜಗಳದಲ್ಲಿ ಗಂಡ ತನ್ನ ಹಣೆಗೆ ಪಿಸ್ತೂಲು ಹಿಡಿದಿದ್ದಾನೆ, ಅವನ ಲೈಸೆನ್ಸ್ ರದ್ದು ಮಾಡಿ ಎಂದು ಅವಳು ಅರ್ಜಿ ಕೊಟ್ಟಿದ್ದಳು. ಹಬ್ಬ ಕಳೆದ ಮೇಲೆ ಅದರ ವಿಚಾರಣೆ ಇತ್ತು. ಆ ಅರ್ಜಿ ಬರೆದುಕೊಟ್ಟವಳು ಸ್ನೇಹಲತಾಳೇ.

ಹೆದರಿದ ಹೆಂಗಸು ಕೊಲ್ಲುತ್ತಾಳೆ ಅನ್ನುವುದು ಪೊಲೀಸರ ನಂಬಿಕೆ. ಹೆದರಿದ ಹೆಂಗಸು ಅರ್ಜಿ ಕೊಡುತ್ತಾಳೆ, ಕೊಟ್ಟು ಮತ್ತೆ ಅದೇ ಮನೆಯಲ್ಲಿ ಅನ್ನ ಮಾಡಿ ಬಡಿಸುತ್ತಾಳೆ ಅನ್ನುವುದು ಸ್ನೇಹಲತಾಳ ಅನುಭವ. ಆದರೆ ಅನುಭವವನ್ನು ಯಾವ ಕೋರ್ಟೂ ಸಾಕ್ಷಿ ಎಂದು ತೆಗೆದುಕೊಳ್ಳುವುದಿಲ್ಲ.

ಸುಗಂಧಿ ಬೆಳಿಗ್ಗೆಯಿಂದ ಠಾಣೆಯ ಬೆಂಚಿನ ಮೇಲಿದ್ದಳು. ಸಂಜೆಯೊಳಗೆ ಬೇರೇನೂ ಸಿಗದಿದ್ದರೆ ಕೊಲೆ ಆರೋಪದ ಮೇಲೆ ಬಂಧಿಸುತ್ತೇನೆ ಎಂದು ಅಕ್ಷಯ್ ಹೇಳಿಬಿಟ್ಟಿದ್ದ.

ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ನಿಜವಾದ ಹಾರ ಇತ್ತು. ಗಲಾಟೆಯಲ್ಲಿ ಸುಗಂಧಿಯ ಮುಷ್ಟಿಯಲ್ಲೇ ಉಳಿದಿದ್ದನ್ನು ಅವಳ ಮಗಳು ಪ್ರೇಕ್ಷಾ ಬಿಡಿಸಿ ಎತ್ತಿಟ್ಟಿದ್ದಳು. ಅದು ಎಷ್ಟು ಮುಖ್ಯ ಎಂದು ಆ ಹುಡುಗಿಗೆ ಹೊಳೆದದ್ದು ಇವತ್ತು. ಬಿ.ಕಾಂ. ಕ್ಲಾಸು ಬಿಟ್ಟು ಕುಂದಾಪುರದ ಸ್ನೇಹಲತಾಳ ಆಫೀಸಿಗೆ ಓಡಿ ಬಂದು ಕೊಟ್ಟಿದ್ದಳು. ಬಾಡಿ ಕಪ್ಪಾದ ಗೊಂಡೆ ಹೂ, ಒಣಗಿದ ರಕ್ತ, ಹಸಿರು ಬಲೆದಾರ.

"ದಾರದ ಮೇಲೆ ಮಡಿಕೆ ಕಾಣಿ," ಎಂದ ದುಗ್ಗಪ್ಪ. "ಇಲ್ಲೊಂದ್ ಸಣ್ಣ ಮಡಿಕೆ, ಅದ್ ಟ್ರಿಗರಿಂದ್. ಇಲ್ಲೊಂದ್ ಅಗಲದ್ದ್, ಅದ್ ಹಿಡ್ಕೆದ್. ನಾನ್ ಸುತ್ತಿದ ಹಾಂಗೇ ಸುತ್ತಿದ್ರ್."

"ಬೇಕಂದೇ ಸುತ್ತಿದ್ದಾ?"

ದುಗ್ಗಪ್ಪ ಚೀಲವನ್ನು ಮಗುಚಿ ನೋಡಿದ. ಸಶಸ್ತ್ರ ಪಡೆಯಲ್ಲಿ ಬಂದೂಕು ನೋಡಿಕೊಂಡು ನಿವೃತ್ತನಾದ ಮನುಷ್ಯ. ಕೈ ಚುರುಕು, ನಾಲಿಗೆ ನಿಧಾನ. "ಗೊತ್ತಿದ್ದವ್ರೂ ಹೀಂಗೆ ಸುತ್ತಿರ್ಬಹುದ್. ಗೊತ್ತಿಲ್ದವ್ರೂ ಹೂ ನಿಲ್ಲೂಕ್ ಬೇಕಂದೇಳಿ ಹೀಂಗೆ ಸುತ್ತಿರ್ಬಹುದ್. ದಾರಕ್ಕೆ ಬಾಯಿಲ್ಲೆ ಮೇಡಂ."

ಸ್ನೇಹಲತಾಳಿಗೆ ಅಷ್ಟೇ ಸಾಕಿತ್ತು. ಆ ಮನೆಯಲ್ಲಿ ಪೂಜೆಯ ಹೂವೆಲ್ಲ ಕಟ್ಟುವುದು ಅತ್ತೆ ಪದ್ದು ಎಂದು ಇಡೀ ಉಪ್ಪುಂದಕ್ಕೇ ಗೊತ್ತು. ಮೀನಿನ ಮನೆ, ಬಲೆದಾರ ಕೈಗೆ ಸಿಗುವ ವಸ್ತು. ಪಿಸ್ತೂಲಿನ ಗುಟ್ಟು ತಿಳಿಯದ ಮುದುಕಿ ಹೂ ಜಾರದಿರಲಿ ಎಂದು ಎಲ್ಲೆಂದರಲ್ಲಿ ಸುತ್ತಿದಳು. ಎಷ್ಟು ಹೇಳಿದರೂ ಕೇಳದೆ ರವಿರಾಜ್ ಗುಂಡು ತುಂಬಿಯೇ ಇಡುತ್ತಿದ್ದ. ಇಬ್ಬರ ತಪ್ಪು ಸೇರಿ ಒಂದು ಸಾವು. ಕೊಲೆ ಅಲ್ಲ, ಅಪಘಾತ. "ಹೌದು, ನಾನೇ ಕಟ್ಟಿದೆ" ಎಂದು ಪದ್ದು ಒಂದು ಮಾತು ಹೇಳಿದರೆ ಸುಗಂಧಿ ಇವತ್ತೇ ಮನೆಗೆ ಬರುತ್ತಾಳೆ.

ಅಲ್ಲಿಂದಲೇ ಅಕ್ಷಯ್‌ಗೆ ಫೋನ್ ಮಾಡಿದಳು. "ಉಪ್ಪುಂದದ ಮನೆಗೆ ಬನ್ನಿ. ನಿಮಗೊಂದು ವಸ್ತು ಕೊಡುವುದಿದೆ, ಒಂದು ಹೇಳಿಕೆ ಕೊಡಿಸುವುದಿದೆ."

"ಯಾರ ಹೇಳಿಕೆ, ಮೇಡಂ?"

"ಸತ್ತವನ ತಾಯಿಯದು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ ನಿಮಗೆ?"

ಬ್ರಹ್ಮಾವರದ ಹೊರಗಿನ ಆ ಹಳೆಯ ಗೋಡೌನಿನಿಂದ ಕಾರು ಹೆದ್ದಾರಿಗೆ ಬಿತ್ತು. ಆ ಗೋಡೌನಿನಲ್ಲೇ ದುಗ್ಗಪ್ಪನ ತರಗತಿ. ಕೋವಿಯ ಲೈಸೆನ್ಸ್ ಬೇಕೆಂದರೆ ಅದನ್ನು ಹಿಡಿಯಲು ಕಲಿತ ಸರ್ಟಿಫಿಕೇಟ್ ಬೇಕು. ಹಾಗಾಗಿ ಬೋಟಿನ ಮಾಲೀಕರು, ಜಲ್ಲಿ ಕ್ರಷರಿನವರು, ಚಿನ್ನದಂಗಡಿಯವರು ಭಾನುವಾರ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದರು. ದುಗ್ಗಪ್ಪ ಅವರ ಕೈಗೆ ಕಲಿಸುತ್ತಿದ್ದ. ಸ್ನೇಹಲತಾ ತಲೆಗೆ ಕಲಿಸುತ್ತಿದ್ದಳು, ತಲೆ ಇದ್ದವರಿಗೆ.

ಪಿಸ್ತೂಲು ಅಂಗಿಯೊಳಗೆ ಮುಚ್ಚಿಕೊಂಡಿರಬೇಕು. ಕಂಡವರ ಕಣ್ಣಿಗೆ ಬೀಳಬಾರದು. ಮದುವೆಗೆ ಬೇಡ, ಕುಡಿದ ದಿನ ಬೇಡ, ಹೆಂಡತಿಯ ಕೈಗೂ ಬೇಡ. ಜೀವಕ್ಕೆ ಬಂದಾಗ ಎತ್ತಬಹುದು, ಮರ್ಯಾದೆಗೆ ಬಂದಾಗ ಎತ್ತಬಾರದು. ಇದು ಅವಳ ಪಾಠ.

"ಜೀವಕ್ಕಿಂತ ಮರ್ಯಾದಿ ದೊಡ್ಡದಲ್ದಾ, ಮೇಡಂ?" ಎಂದು ಹಿಂದಿನ ಸಾಲಿನಿಂದ ಕೇಳಿದ್ದವನು ರವಿರಾಜ್. ಎಲ್ಲರೂ ನಕ್ಕಿದ್ದರು. ಅವನು ನಕ್ಕಿರಲಿಲ್ಲ.

ಲೈಸೆನ್ಸ್ ಬಂದ ಮೇಲೆ ಅವನ ಅಂಗಿಯ ಗುಂಡಿಗಳು ಒಂದೊಂದೇ ಸಡಿಲವಾದವು. ಹರಾಜು ಕಟ್ಟೆಯಲ್ಲಿ ಮೀನಿನ ದರಕ್ಕೆ ಮಾತು ಬೆಳೆದರೆ ಸೆಖೆ ಎಂದು ಅಂಗಿ ಎತ್ತಿ ಬೀಸಿಕೊಳ್ಳುವನು. ಸೊಂಟ ಕಾಣುವುದು, ದರ ಇಳಿಯುವುದು. ಸೊಂಟಕ್ಕೆ ಪಿಸ್ತೂಲು ಬಂದ ಮೇಲೆ ಕೆಲವರ ಬೆನ್ನು ನೆಟ್ಟಗಾಗುತ್ತದೆ, ಬುದ್ಧಿ ಡೊಂಕಾಗುತ್ತದೆ. ಆ ಲೈಸೆನ್ಸೇ ಹೋಗುತ್ತದೆ, ಅದೂ ಹೆಂಡತಿಯ ಅರ್ಜಿಯಿಂದ ಹೋಗುತ್ತದೆ ಎಂದು ಗೊತ್ತಾದ ದಿನ ಅವನು ಮನೆಗೆ ಬಂದು ಒಂದು ಮಾತೂ ಆಡಲಿಲ್ಲವಂತೆ. ಬೈದಿದ್ದರೆ ಸಮಾಧಾನ ಆಗುತ್ತಿತ್ತು ಎಂದು ಸುಗಂಧಿ ಹೇಳಿದ್ದಳು.

ಉಪ್ಪುಂದದ ಮನೆಯೆದುರು ರವಿರಾಜ್‌ನ ಉತ್ತರಕ್ರಿಯೆಗೆ, ಬೊಜ್ಜಕ್ಕೆ, ಹಾಕಿದ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ಬಾಡಿಗೆ ಕುರ್ಚಿಗಳು ಒಂದರ ಮೇಲೊಂದು ನಿಂತಿದ್ದವು. ಪ್ರೇಕ್ಷಾ ಗೇಟಿಗೇ ಓಡಿಬಂದಳು.

"ಅಮ್ಮ ಊಟ ಮಾಡಿದ್ರಾ, ಮೇಡಂ?"

"ಮಾಡಿದ್ರ್," ಎಂದಳು ಸ್ನೇಹಲತಾ. ಸುಳ್ಳು. ಠಾಣೆಯಲ್ಲಿ ಕೊಟ್ಟ ಅನ್ನದ ಪೊಟ್ಟಣ ಬಿಚ್ಚದೆ ಬೆಂಚಿನ ಮೇಲೆಯೇ ಇತ್ತು. "ರಾತ್ರಿ ಊಟ ನಿನ್ ಒಟ್ಟಿಗೇ ಮಾಡ್ತ್ರ್. ನೀನ್ ಒಳ್ಗ್ ಹೋಗಿ ಚಾ ಮಾಡ್, ಮಗಾ. ನಂಗೆ ಅಜ್ಜಿ ಹತ್ರ ಮಾತಾಡುಕಿತ್ತ್."

ಜಗಲಿಯಲ್ಲಿ ಪದ್ದು ಎಲೆಯಡಿಕೆಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಒಂದು ಕಾಲಕ್ಕೆ ತಲೆಮೇಲೆ ಮೀನಿನ ಬುಟ್ಟಿ ಹೊತ್ತು ಶಂಕರನಾರಾಯಣ ಪೇಟೆಯವರೆಗೂ ಮಾರಲು ಹೋಗುತ್ತಿದ್ದ ಹೆಂಗಸು. ಆ ಕತ್ತು ಇನ್ನೂ ಯಾರ ಮುಂದೆಯೂ ಬಗ್ಗಿರಲಿಲ್ಲ.

"ಬನಿ ವಕೀಲ್ರೆ, ಕೂಕಣಿ. ನನ್ ಮಗನ್ನ ಕೊಂದವ್ಳ ವಕೀಲ್ರಾದ್ರೂ ಮನೆಗ್ ಬಂದವ್ರಿಗೆ ಕೂಕಣಿ ಅನ್ಕಲ್ದಾ?"

ಸ್ನೇಹಲತಾ ಕೂತಳು. "ಪದ್ದಕ್ಕ, ಒಂದೇ ಪ್ರಶ್ನೆ ಕೇಂತೆ. ಪೂಜೆ ದಿನದ ಹೂ ಎಲ್ಲ ಕಟ್ಟಿದ್ ನೀವೇ ಅಲ್ದಾ?"

"ನಾನೇ. ಮತ್ಯಾರ್ ಕಟ್ತ್ರ್? ನಿಮ್ ಸುಗಂಧಿಗೆ ಹೂ ಮುಡೂಕ್ ಬತ್ತ್, ಕಟ್ಟೂಕ್ ಬತ್ತಿಲ್ಲೆ."

"ಪಿಸ್ತೂಲಿಗೂ ನೀವೇ ಕಟ್ಟಿದ್ರಾ?"

ಸ್ನೇಹಲತಾ ಪ್ಲಾಸ್ಟಿಕ್ ಚೀಲ ಎದುರಿಗಿಟ್ಟಳು. ಪದ್ದು ಬಗ್ಗಿ ನೋಡಿದಳು. ರಕ್ತದ ಕಲೆ ನೋಡಿ ಮುಖ ತಿರುಗಿಸಿದಳು. ಮತ್ತೆ ನೋಡಿದಳು. ಅವಳ ಕಣ್ಣು ದಾರದ ಮೇಲೆ ನಿಂತಿತು.

"ಇದ್ ನಾನ್ ಕಟ್ಟಿದ್ದಲ್ಲ."

"ಅವಸರದಂಗೆ ಮರ್ತಿರ್ಬಹುದ್, ಪದ್ದಕ್ಕ. ತಪ್ಪೆಂತ ಇಲ್ಲೆ. ಬಾಳೆನಾರ್ ಮುಗ್ದಿರ್ಬಹುದ್, ಕೈಗ್ ಸಿಕ್ಕಿದ್ ದಾರದಂಗೆ..."

"ಎಂತ ಮಾತಾಡ್ತ್ರಿ ನೀವ್?" ಪದ್ದುವಿನ ಅಡಕತ್ತರಿ ತಟ್ಟೆಗೆ ಬಿತ್ತು. "ಮೀನಿನ ರಕ್ತ ಮುಟ್ಟಿದ್ ದಾರದಂಗೆ ದೇವ್ರ್ ಹೂ ಕಟ್ಟುದಾ? ನಾನ್ ಮೀನ್ ಮಾರಿ ಬದ್ಕಿದವ್ಳ್. ಹಾಂಗಂದೇಳಿ ಮಡಿ ಮೈಲಿಗೆ ಗೊತ್ತಿಲ್ದವ್ಳಲ್ಲ. ಈ ಜಲ್ಮದಂಗೆ ಬಲೆದಾರದಂಗೆ ಹೂ ಕಟ್ಟಲಿಲ್ಲೆ."

ದಾರಿಯುದ್ದಕ್ಕೂ ಸ್ನೇಹಲತಾ ಕಟ್ಟಿಕೊಂಡು ಬಂದಿದ್ದ ಅಪಘಾತ ಅಲ್ಲೇ ಕುಸಿಯಿತು. ಈ ಹೆಂಗಸು ಸುಳ್ಳು ಹೇಳುತ್ತಿಲ್ಲ ಎಂಬುದು ಅವಳ ಸಿಟ್ಟಿನಲ್ಲೇ ಕಾಣುತ್ತಿತ್ತು.

"ನೀವ್ ಕಟ್ಟಲಿಲ್ಲೆ. ಸುಗಂಧಿಗ್ ಕಟ್ಟೂಕ್ ಬತ್ತಿಲ್ಲೆ," ಎಂದಳು ನಿಧಾನವಾಗಿ. "ಹಾಂಗಾರೆ ಹೂ ತನ್ನಷ್ಟಕ್ಕೇ ಕಟ್ಕಂಡಿತಾ?"

"ನನ್ ಮಗ ಕಟ್ಟಿದ."

ಹೇಳುವಾಗ ಮುದುಕಿಯ ಮುಖ ಅರಳಿತು. ಅದೇ ಸ್ನೇಹಲತಾಳಿಗೆ ಸಹಿಸಲಾಗದ ಹಾಗಿತ್ತು.

"ಹೆಂಡ್ತಿಗ್ ಪಿಸ್ತೂಲ್ ಹಿಡ್ದ, ಕೆಟ್ಟವ ಅಂದೇಳಿ ಅರ್ಜಿ ಬರ್ದ್ರಿ ಅಲ್ದಾ? ಕೇಣಿ. ಹುಟ್ಟಿದಾಗಿಂದ ಒಂದ್ ಹೂ ಮುಟ್ದವ ಅಲ್ಲ. ಅವತ್ತ್ ಬೆಳಿಗ್ಗೆ ಮಿಂದ್ಕಂಡ್ ಬಂದ್, ಹಿಂದಿನ್ ಬಾಗ್ಲಂಗೆ ಕೂಕಂಡ್, ಪಿಸ್ತೂಲಿಗೆ ತಾನೇ ಹೂ ಸುತ್ತುತಿದ್ದ. ನಾನ್ ಬೈದೆ. ಬಲೆದಾರ ಬ್ಯಾಡ ಮಗಾ, ಬಾಳೆನಾರ್ ಕೊಡ್ತೆ ಅಂದೆ. 'ಗಟ್ಟಿ ಇರ್ಲಿ ಅಬ್ಬಿ. ಸುಗಂಧಿ ತೆಗುವಾಗ ಹರಿಯುಕಾಗ' ಅಂದ."

ಸ್ನೇಹಲತಾ ಮುಂದಕ್ಕೆ ಬಾಗಿದಳು. "ಹಾಂಗಂದ್ನಾ?"

"ಹ್ಞಾಂ. ಹೂ ತುಂಡಾದ್ರೆ ಮುತ್ತೈದೆಗೆ ಒಳ್ಳೆ ಶಕುನ ಅಲ್ಲ ಕಾಣಿ. ಅಷ್ಟ್ ಪ್ರೀತಿ ಇತ್ತ್ ಅವ್ನಿಗೆ ಅವ್ಳ್ ಮೇಲೆ."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆದರೆ ಈ ತಾಯಿ ಹೆಗ್ಗಣವನ್ನು ಹೆಗ್ಗಣ ಎಂದು ಒಮ್ಮೆಯೂ ನೋಡಿರಲಿಲ್ಲ. ಮಗ ದಾರ ಗಟ್ಟಿ ಇರಲಿ ಅಂದದ್ದನ್ನು ಅವಳು ಇಷ್ಟು ದಿನ ಎದೆಯಲ್ಲಿ ಇಟ್ಟುಕೊಂಡು ತಟ್ಟಿ ಮಲಗಿಸಿದ್ದಳು.

ಸ್ನೇಹಲತಾಳಿಗೆ ತರಗತಿಯ ಇನ್ನೊಂದು ಭಾನುವಾರ ನೆನಪಾಯಿತು. ರವಿರಾಜ್ ಅವತ್ತು ಪೆನ್ನು ಹಿಡಿದು ಕೇಳಿದ್ದ. ನಮ್ಮ ಪಿಸ್ತೂಲು ಮನೆಯವರು ಯಾರಾದರೂ ಮುಟ್ಟಿ, ಅವರ ಕೈಯಿಂದಲೇ ಗುಂಡು ಹಾರಿ ಅವರೇ ಸತ್ತರೆ ಕೇಸು ಯಾರ ಮೇಲೆ? ಅವಳು ಹೇಳಿದ್ದಳು: ಜೋಪಾನ ಮಾಡದ ಕೇಸು ನಿಮ್ಮ ಮೇಲೆ ಬೀಳುತ್ತದೆ, ಕೊಲೆ ಕೇಸು ಬೀಳುವುದಿಲ್ಲ. ಅವನು ತಲೆಯಾಡಿಸಿ ಬರೆದುಕೊಂಡಿದ್ದ. ಶ್ರದ್ಧೆಯ ವಿದ್ಯಾರ್ಥಿ ಎಂದು ಅವಳಿಗೆ ಖುಷಿಯೂ ಆಗಿತ್ತು.

"ಪದ್ದಕ್ಕ, ಪೂಜೆಗಿಟ್ಟಾಗ ಪಿಸ್ತೂಲಿನ ಬಾಯಿ ಯಾವ್ ಕಡೆಗಿತ್ತ್?"

"ಅದೆಲ್ಲ ನಂಗ್ ಹ್ಯಾಂಗ್ ಗೊತ್ತ್?"

"ಇಟ್ಟ್ ತೋರ್ಸಿ. ನಾನ್ ಸುಗಂಧಿ ಅಂದೇಳಿ ತಿಳ್ಕಣಿ. ಅವ್ಳ್ ಕೂತಲ್ಲೇ ಕೂತಿದೆ. ರವಿರಾಜ್ ನಿಮ್ ಬಲಕ್ಕೆ. ಇದೇ ಪಿಸ್ತೂಲ್." ಅವಳು ಅಡಕತ್ತರಿ ಎತ್ತಿ ಮುದುಕಿಯ ಕೈಗೆ ಕೊಟ್ಟಳು.

ಪದ್ದು ಗೊಣಗುತ್ತ ಅದನ್ನು ಒಂದು ವೀಳ್ಯದೆಲೆಯ ಮೇಲೆ ಇಟ್ಟಳು. ಅಡಕತ್ತರಿಯ ಬಾಯಿ ನೇರ ಸ್ನೇಹಲತಾಳ ಎದೆಗೆ ನೋಡುತ್ತಿತ್ತು.

"ಹೀಂಗೆ. ಬಾಯಿ ದೇವ್ರ್ ಕಡೆ ಇರ್ಲಿ ಅಂದ್ರ್ ಭಟ್ರ್. ಇವ ಕೇಣಲಿಲ್ಲೆ. ಹೀಂಗೇ ಇರ್ಲಿ ಅಂದ."

"ಮತ್ತೆ?"

"ಮತ್ತೆಂತ? ಆರತಿ ಆಯ್ತ್. ಮನೆ ಹೆಣ್ಣ್ ಮೊದ್ಲ್ ಹೂ ತೆಗ್ದ್ ಮುಡುದ್ ನಮ್ಮಲ್ಲಿ ಕ್ರಮ. ಇವ್ಳ್ ತುದಿ ಹಿಡ್ದ್ಳ್. ಅಷ್ಟೊತ್ತಿಗ್ ನಂಗ್ ನೆಂಪಾಯ್ತ್. ಮಗನ ಜಾತಕದಂಗೆ ಆಯುಧದ ಕಂಟಕ ಇತ್ತ್ ಅಂದಿದ್ರ್ ಜೋಯಿಸ್ರ್. ಪೂಜೆ ಮಾಡಿದ್ ಆಯುಧ ಕಣ್ಣಿಗೊತ್ತಿದ್ರೆ ಕಂಟಕ ಕಳಿತ್ ಅಂದೇಳಿ, ನಾನೇ ತೆಕ್ಕಂಡ್, ಹೀಂಗೆ ಎತ್ತಿ, ಮಗನ ಕಡೆ..."

ಪದ್ದು ಅಡಕತ್ತರಿಯನ್ನು ಎರಡೂ ಅಂಗೈಯಲ್ಲಿ ಎತ್ತಿದಳು. ಅದರ ಬಾಯಿ ಸ್ನೇಹಲತಾಳ ಎದೆಯಿಂದ ಸರಿದು ಬಲಕ್ಕೆ ತಿರುಗಿತು. ಮಗ ಕೂತಿದ್ದ ಜಾಗದ ಕಡೆಗೆ. ಅಲ್ಲಿಗೆ ಅವಳ ಕೈ ನಿಂತಿತು.

ಒಳಗಿನಿಂದ ಚಾ ಕುದಿಯುವ ವಾಸನೆ ಬರುತ್ತಿತ್ತು.

"ಆಗ್ಲೇ ಅಲ್ದಾ ರವಿರಾಜ್ 'ಬ್ಯಾಡ, ಬ್ಯಾಡ' ಅಂದದ್ದ್?" ಸ್ನೇಹಲತಾ ಮೆಲ್ಲಗೆ ಕೇಳಿದಳು. "ಯಾರನ್ನ್ ಕಂಡ್ ಅಂದ, ಪದ್ದಕ್ಕ? ಸುಗಂಧಿಯನ್ನಾ?"

ಮುದುಕಿ ತನ್ನ ಅಂಗೈಗಳನ್ನು ನೋಡಿಕೊಂಡಳು.

"ನನ್ನನ್ನ್."

"ಗುಂಡಿತ್ತ್ ಅಂದೇಳಿ ಅವ ಕೂಗ್ಲಿಲ್ಲೆ," ಎಂದಳು ಸ್ನೇಹಲತಾ. "ಕೂಗಿದ್ರೆ, ತುಂಬಿದವ ಯಾರ್ ಅಂದೇಳಿ ಎಲ್ರೂ ಕೇಂತಿದ್ರ್."

"ನಾಚಿಕೆ ಅಂದೇಳಿ ತಿಳ್ಕಂಡೆ ನಾನ್... ಇಷ್ಟ್ ಜನರೆದ್ರಿಗೆ ಹೆತ್ತಬ್ಬಿ ಕಣ್ಣಿಗೊತ್ತುದ್ ನಾಚಿಕೆ ಆಪುದಾ ಏನೋ ಅಂದೇಳಿ..." ಅಡಕತ್ತರಿ ಅವಳ ಕೈಯಿಂದ ಜಾರಿತು. "ತಿರ್ಗ್ಸಿದ್ ನಾನ್. ಅಯ್ಯೋ ದೇವ್ರೇ, ತಿರ್ಗ್ಸಿದ್ ನಾನೇ!"

ಸ್ನೇಹಲತಾಳಿಗೆ ಗೆದ್ದ ಖುಷಿ ಆಗಲಿಲ್ಲ. ಎಲ್ಲವೂ ಬಿಸಿಲಿನಷ್ಟು ಸ್ಪಷ್ಟವಾಗಿತ್ತು. ಗುಂಡು ತುಂಬಿದ್ದು ರವಿರಾಜ್, ದಾರ ಸುತ್ತಿದ್ದು ರವಿರಾಜ್, ಬಾಯಿ ಹೆಂಡತಿಯ ಕಡೆ ಮಾಡಿ ಇಟ್ಟದ್ದೂ ರವಿರಾಜ್. ಊರವರ ಕಣ್ಣೆದುರೇ ಸುಗಂಧಿ ತನ್ನ ಕೈಯಾರೆ ಹೂ ಎಳೆದು ಸಾಯಬೇಕಿತ್ತು, ಜನ ಅಯ್ಯೋ ಪಾಪ ಅನ್ನಬೇಕಿತ್ತು, ಲೈಸೆನ್ಸ್ ಅರ್ಜಿ ಅವಳೊಟ್ಟಿಗೇ ಸುಡಬೇಕಿತ್ತು. ಅಷ್ಟೆಲ್ಲ ಹೂಡಿದವನಿಗೆ ತಾಯಿಯ ಭಕ್ತಿಯೊಂದು ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಅವಳು ಮುದುಕಿಯ ಕೈ ಹಿಡಿದುಕೊಂಡಳು. ಪದ್ದು ಬಿಡಿಸಿಕೊಳ್ಳಲಿಲ್ಲ.

"ಪದ್ದಕ್ಕ, ನೀವ್ ಕೊಂದದ್ದಲ್ಲ. ನಿಮಗ್ ಗೊತ್ತಿರಲಿಲ್ಲೆ. ಯಾವ್ ಕೋರ್ಟೂ ನಿಮ್ಮನ್ನ ಕೇಂತಿಲ್ಲೆ. ಪೊಲೀಸ್ರ್ ಈಗ ಬತ್ರ್. ನನ್ನ್ ಹತ್ರ ಹೇಳಿದ್ದನ್ನೇ ಅವ್ರ್ ಹತ್ರ ಹೇಳಿ. ಅಷ್ಟ್ ಸಾಕ್. ಸುಗಂಧಿ ಇವತ್ತೇ ಮನೆಗ್ ಬತ್ಳ್."

"ಊರಂಗೆ ಎಂತ ಹೇಳ್ತ್ರ್?" ಪದ್ದುವಿನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ಪದ್ದು ಮಗ ಹೆಂಡ್ತಿನ ಕೊಲ್ಲುಕ್ ಹೋಯ್ದ ಅಂಬ್ರ್. ಪದ್ದು ಮಗನ್ನೇ ಕೊಂದ್ಳ್ ಅಂಬ್ರ್. ಬುಟ್ಟಿ ಹೊತ್ತ್ ಹೊತ್ತ್ ನನ್ ನೆತ್ತಿ ಕೂದ್ಲ್ ಉದ್ರಿತ್ತ್, ವಕೀಲ್ರೆ. ಇವ್ನ್ ಹೆಸ್ರ್ ಒಂದ್ ನಿಲ್ಕಂದೇಳಿ."

"ಸತ್ತವ್ನಿಗ್ ಹೆಸ್ರ್, ಬದ್ಕಿದವ್ಳಿಗ್ ಜೈಲಾ?"

"ಬದ್ಕಿದವ್ಳ್ ನನ್ ಹೊಟ್ಟೆಯಂಗೆ ಹುಟ್ದವ್ಳಲ್ಲ."

"ಒಳ್ಗ್ ಚಾ ಮಾಡ್ತಿತ್ತಲ್ದಾ ಹುಡ್ಗಿ? ಅದ್ ನಿಮ್ ಮೊಮ್ಮಗ್ಳ್. ಅವ್ಳಿಗೆ ಅಪ್ಪ ಹೋದ. ಅಮ್ಮನ್ನೂ ಕಳಿತ್ರಾ?"

ಆ ಮಾತು ತಾಗಿತು. ಪದ್ದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಗ ಸತ್ತ ದಿನವೂ ಅವಳು ಹೀಗೆ ಅತ್ತಿರಲಿಲ್ಲವಂತೆ. ಅಳು ಇಳಿದ ಮೇಲೆ ಗೋಡೆ ಹಿಡಿದು ಎದ್ದಳು.

"ಮುಖ ತೊಳ್ಕಂಡ್ ಬತ್ತೆ," ಎಂದಳು. "ಪೊಲೀಸ್ರೆದ್ರಿಗೆ ಹೀಂಗ್ ಕೂಕಂಬುಕಾಗ."

ಸ್ನೇಹಲತಾ ಉಸಿರು ಬಿಟ್ಟಳು. ಈ ಮುದುಕಿಯ ಮೇಲೆ ಅವಳಿಗೆ ಮೊದಲ ಬಾರಿ ಗೌರವ ಬಂತು. ಠಾಣೆಯ ಬೆಂಚಿನ ಮೇಲಿರುವ ಸುಗಂಧಿಗೆ ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದಳು. ನಿಮ್ಮ ಅತ್ತೆಯೇ ಬಿಡಿಸಿದರು ಎಂದರೆ ಅವಳು ನಂಬಲಿಕ್ಕಿಲ್ಲ.

ಜೀಪು ಬಂದು ನಿಂತಿತು. ಅಕ್ಷಯ್ ಒಬ್ಬ ಪೇದೆಯೊಂದಿಗೆ ಶಾಮಿಯಾನ ದಾಟಿ ಜಗಲಿಗೆ ಬಂದ. ಸ್ನೇಹಲತಾ ಹಾರದ ಚೀಲ ಅವನ ಕೈಗಿಟ್ಟು, ಬಲೆದಾರದ ಗುಟ್ಟು, ಗೋಡೌನಿನಲ್ಲಿ ಮಾಡಿ ನೋಡಿದ ಪರೀಕ್ಷೆ, ಎಲ್ಲವನ್ನೂ ಹೇಳಿದಳು. ಅವನು ಗಮನವಿಟ್ಟು ಕೇಳಿದ. ಹಾಸನದ ಕಡೆಯ ಹುಡುಗ, ತಲೆ ಇತ್ತು.

"ಅಂದರೆ ಬೆರಳು ಹಾಕಬೇಕೆಂದೇ ಇಲ್ಲ, ದಾರ ಎಳೆದರೆ ಸಾಕು," ಎಂದ. "ಹಾಗಾದರೆ ಹೂ ಕಟ್ಟಿದವರೇ ಕೊಲೆಗಾರರು."

"ಅದೇ. ಯಾರು ಕಟ್ಟಿದ್ದು ಅಂತ ಕಣ್ಣಾರೆ ನೋಡಿದವರು ಒಬ್ಬರೇ ಇದ್ದಾರೆ. ಅವರೇ ಹೇಳುತ್ತಾರೆ."

ಪದ್ದು ಹೊರಗೆ ಬಂದಳು. ಮುಖ ತೊಳೆದಿದ್ದಳು, ಕೂದಲು ಬಾಚಿ ಗಂಟು ಹಾಕಿದ್ದಳು, ಒಗೆದ ಸೀರೆ ಉಟ್ಟಿದ್ದಳು. ಹಿಂದೆಯೇ ಪ್ರೇಕ್ಷಾ ಚಾದ ಲೋಟಗಳನ್ನು ಹಿಡಿದು ಬಂದಳು. ಮುದುಕಿ ಯಾರ ಆಸರೆಯೂ ಇಲ್ಲದೆ ಅಕ್ಷಯ್ ಎದುರಿಗೆ ನಿಂತಳು.

"ಅಜ್ಜಿ, ಈ ಹೂ ಕಟ್ಟಿದ್ದು ಯಾರು?"

ಪದ್ದು ಚೀಲವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ತಡಬಡಿಸಲಿಲ್ಲ.

"ಸುಗಂಧಿ," ಎಂದಳು. "ಅವತ್ತ್ ಬೆಳಿಗ್ಗೆ, ಹಿಂದಿನ್ ಬಾಗ್ಲಂಗೆ ಕೂಕಂಡ್ ಕಟ್ಟಿದ್ಳ್. ಬಲೆದಾರ ಬ್ಯಾಡ ಅಂದೆ. ಗಟ್ಟಿ ಇರ್ಲಿ ಅತ್ತೆ ಅಂದ್ಳ್. ನನ್ನ್ ಕಣ್ಣಂಗ್ ನಾನೇ ಕಂಡೆ."

ಸ್ನೇಹಲತಾ ಎರಡು ಹೆಜ್ಜೆ ಮುಂದೆ ಬಂದಳು. "ಪದ್ದಕ್ಕ!"

ಪದ್ದು ಅವಳ ಕಡೆ ನೋಡಿದಳು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಕೊಟ್ಟ ದರಕ್ಕೆ ಒಪ್ಪಿ ಬುಟ್ಟಿ ಇಳಿಸಿದ ಹೆಂಗಸಿನ ನೋಟ ಅದು.

"ಅಕ್ಷಯ್, ಇದು ಸುಳ್ಳು. ನೀವು ಬರುವ ಮೊದಲು ಇವರೇ ನನ್ನೆದುರು ಬೇರೆ ಹೇಳಿದ್ದಾರೆ. ಕಟ್ಟಿದ್ದು ರವಿರಾಜ್. ಸುಗಂಧಿಯನ್ನು ಕೊಲ್ಲಲು ಕಟ್ಟಿದ್ದು!"

"ಬೇರೆ ಯಾರಾದರೂ ಕೇಳಿದ್ದಾರಾ, ಮೇಡಂ?"

ಅವಳು ಪ್ರೇಕ್ಷಾಳ ಕಡೆ ನೋಡಿದಳು. ಹುಡುಗಿ ಕಕ್ಕಾಬಿಕ್ಕಿಯಾಗಿ ನಿಂತಿದ್ದಳು. ಚಾ ಮಾಡಲು ಒಳಗೆ ಕಳಿಸಿದವಳು ಸ್ನೇಹಲತಾಳೇ.

"ನಾನು ಕೇಳಿದ್ದೇನೆ. ನಾನೇ ಸಾಕ್ಷಿ ಹೇಳುತ್ತೇನೆ."

"ನೀವು ಆರೋಪಿಯ ವಕೀಲರು," ಎಂದ ಅಕ್ಷಯ್. ಅವನ ದನಿಯಲ್ಲಿ ಬೇಸರವಿತ್ತು, ಕುಹಕ ಇರಲಿಲ್ಲ. "ಸಾಕ್ಷಿ ಕಟ್ಟೆ ಹತ್ತಬೇಕಾದರೆ ವಕಾಲತ್ತು ಬಿಡಬೇಕು. ಹತ್ತಿದರೂ ಸತ್ತವನ ತಾಯಿಯ ಮಾತೆದುರು ನಿಮ್ಮ ಮಾತನ್ನು ಯಾರು ನಂಬುತ್ತಾರೆ? ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ ಅಂತ ಫೋನಲ್ಲಿ ಕೇಳಿದ್ದು ನೀವೇ."

ಅವನು ಅಂಗಳಕ್ಕಿಳಿದು ಠಾಣೆಗೆ ಫೋನ್ ಹಚ್ಚಿದ. "ಹ್ಞೂಂ, ಅರೆಸ್ಟ್ ತೋರಿಸಿ. ಮೊದಲೇ ಯೋಚಿಸಿ ಮಾಡಿದ ಕೊಲೆ," ಎನ್ನುವುದು ಜಗಲಿಯವರೆಗೂ ಕೇಳಿಸಿತು.

ಪ್ರೇಕ್ಷಾ ಚಾದ ಲೋಟಗಳನ್ನು ಹಿಡಿದುಕೊಂಡೇ ಅಳತೊಡಗಿದಳು. ಪದ್ದು ಹೋಗಿ ಅವುಗಳನ್ನು ಒಂದೊಂದಾಗಿ ತೆಗೆದು ದಂಡೆಯ ಮೇಲಿಟ್ಟಳು. ಆಮೇಲೆ ಮೊಮ್ಮಗಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು, ಕೂದಲು ನೇವರಿಸುತ್ತ, ಸ್ನೇಹಲತಾಳಿಗೂ ಕೇಳುವ ಹಾಗೆ ಹೇಳಿದಳು:

"ಮರ್ಕ್‌ಬ್ಯಾಡ, ಮಗಾ. ಇನ್ನ್ ನಿಂಗೆ ನಾನೇ ಅಬ್ಬಿ."